ಅಡುಗೆಮನೆಗೆ ಬೀಗ

ಆರ್ಡಿತ್ ಕ್ಲೆಮನ್ಸ್ ಯಾರ ಮನೆಗೆ ಹೋದರೂ ಹಜಾರದಲ್ಲಿ ಕೂರುತ್ತಿರಲಿಲ್ಲ. ಕೋಟು ಬಿಚ್ಚುವ ಮೊದಲೇ ಅಡುಗೆಮನೆಗೆ ನಡೆಯುತ್ತಿದ್ದಳು. ತೊಳೆಯದ ಪಾತ್ರೆ ಕಂಡರೆ ಅಂಗಿಯ ತೋಳು ಮಡಚಿ ಸಿಂಕಿನ ಮುಂದೆ ನಿಲ್ಲುತ್ತಿದ್ದಳು. ಮನೆಯಾಕೆ ಬೇಡ ಬೇಡ ಎನ್ನುತ್ತಲೇ ಒರೆಸುವ ಬಟ್ಟೆ ಹಿಡಿದು ಪಕ್ಕದಲ್ಲಿ ನಿಲ್ಲಬೇಕಾಗುತ್ತಿತ್ತು. ಎದುರುಬದುರು ಕೂತಾಗ ಬಾರದ ಮಾತು ಹಾಗೆ ಪಕ್ಕಪಕ್ಕ ನಿಂತಾಗ ಬರುತ್ತದೆ ಎಂಬುದು ಅವಳ ಅನುಭವ. ಪಾತ್ರೆಯೇ ಇಲ್ಲದಿದ್ದರೆ ಅನುಮಾನ ಇನ್ನೂ ಹೆಚ್ಚು.

"ಮಕ್ಕಳಿರೋ ಮನೇಲಿ ಹಾಡಹಗಲಲ್ಲಿ ಸಿಂಕು ಖಾಲಿ ಇದೆ ಅಂದ್ರೆ, ಯಾರೋ ಒಬ್ರು ಬೆಳಿಗ್ಗೆಯಿಂದ ಕೂತೇ ಇಲ್ಲ ಅಂತ ಅರ್ಥ" ಎನ್ನುತ್ತಿದ್ದಳು. "ಯಾರು ಕೂತಿಲ್ಲ ಅಂತ ನೋಡೋದೇ ನನ್ನ ಕೆಲಸ."

ಅದು ಸಂಬಳವಿಲ್ಲದ ಕೆಲಸ. ಹೆತ್ತವರ ಬಳಿ ಇರಲಾಗದೆ ಸಾಕುಮನೆಗಳಿಗೆ ಬಂದ ಮಕ್ಕಳ ಪರವಾಗಿ ಮಾತಾಡಲು ನಮ್ಮ ಕೌಂಟಿಯ, ಅಂದರೆ ಜಿಲ್ಲೆಯ, ಕೋರ್ಟು ಊರಿನ ಕೆಲವರನ್ನು ನೇಮಿಸುತ್ತದೆ. ಸರಕಾರದ ವಕೀಲ ಸರಕಾರದ ಮಾತು ಹೇಳುತ್ತಾನೆ, ಹೆತ್ತವರ ವಕೀಲ ಹೆತ್ತವರದ್ದು. ಮಗುವಿಗೆ ಯಾವುದು ಒಳ್ಳೆಯದು ಎಂದಷ್ಟೇ ಹೇಳುವುದಕ್ಕೆ ಇವರು. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ದುಡಿದು ನಿವೃತ್ತಳಾದ ಮೇಲೆ ಆರ್ಡಿತ್ ಹೋಗಿ ಪ್ರಮಾಣ ಸ್ವೀಕರಿಸಿದ್ದಳು.

ಊರಿನಲ್ಲಿ ಇದರ ಪುಣ್ಯ ಬಂದದ್ದು ಅವಳ ಗಂಡ ಡ್ವೇನ್‌ಗೆ. ಭಾನುವಾರ ಚರ್ಚಿನ ಮೆಟ್ಟಿಲ ಮೇಲೆ ಗಂಡಸರು ಅವನ ಬೆನ್ನು ತಟ್ಟುತ್ತಿದ್ದರು. "ಹೆಂಡ್ತೀನ ಹೀಗೆ ಊರ ಮಕ್ಕಳಿಗೆ ಬಿಟ್ಟುಕೊಟ್ಟಿದೀಯಲ್ಲೋ ಮಾರಾಯ, ದೊಡ್ಡ ಮನಸ್ಸು ನಿಂದು."

"ಏನ್ ಮಾಡೋದಪ್ಪ, ಸಂಜೆ ನಾನೇ ಸೂಪು ಬಿಸಿ ಮಾಡ್ಕೊಂಡು ಕುಡೀತೀನಿ" ಎನ್ನುತ್ತಿದ್ದ ಡ್ವೇನ್. ಬಿಸಿ ಮಾಡಲು ಸೂಪು ಇತ್ತಲ್ಲ, ಅದನ್ನು ಯಾರು ಮಾಡಿಟ್ಟಿದ್ದರು ಎಂದು ಯಾರೂ ಕೇಳಲಿಲ್ಲ.

ಬಾಗಿಲು ತೆರೆದವರಿಗೆ ಮಾತ್ರ ಅವಳ ಮುಖ ಕಂಡರೆ ಆಗುತ್ತಿರಲಿಲ್ಲ. ಫ್ರಿಜ್ ತೆರೆಯುತ್ತಾಳೆ, ಹಾಸಿಗೆ ಎತ್ತಿ ನೋಡುತ್ತಾಳೆ, ಮಕ್ಕಳಿಲ್ಲದ ಹೆಂಗಸಿಗೆ ಬೇರೆಯವರ ಮಕ್ಕಳ ಮೇಲೆ ಕಣ್ಣು ಎಂದೆಲ್ಲ ಹಿಂದಿನಿಂದ ಆಡಿಕೊಳ್ಳುವುದಿತ್ತು. ಅವಳಿಗೆ ಅದು ಗೊತ್ತಿತ್ತು. ತನ್ನ ಬಗ್ಗೆ ಊರಿಗೆ ಎಷ್ಟು ಅನುಮಾನವಿತ್ತೋ, ಊರಿನ ಬಗ್ಗೆ ಅವಳಿಗೂ ಅಷ್ಟೇ ಇತ್ತು.

ಟೆಸ್ಸ ಮತ್ತು ಮೈಕಾ ಎಂಬ ಅಕ್ಕ ತಮ್ಮನ ಹೊಣೆ ಅವಳ ಮೇಲಿತ್ತು. ಹುಡುಗಿಗೆ ಹನ್ನೊಂದು ವರ್ಷ, ಹುಡುಗನಿಗೆ ಎರಡು ತುಂಬಿ ಮೂರು ನಡೆಯುತ್ತಿತ್ತು. ಹೆತ್ತ ತಾಯಿಯ ಹಕ್ಕನ್ನು ಕೋರ್ಟು ಕಳೆದ ವರ್ಷವೇ ತೆಗೆದುಹಾಕಿತ್ತು. ಮೊದಲು ಇದ್ದ ಸಾಕುಮನೆಯವರು ಆಗುವುದಿಲ್ಲ ಎಂದು ಹಿಂದಿರುಗಿಸಿದ ಮೇಲೆ ಇಬ್ಬರೂ ರೊವೀನಾ ಪಿಕೆಟ್ ಮನೆಗೆ ಬಂದಿದ್ದರು. ರೊವೀನಾಗೆ ಗೋದಾಮಿನಲ್ಲಿ ಕೆಲಸ, ಗಂಡ ಮನೆಯಲ್ಲಿರುವಾಗ ರಾತ್ರಿ ಪಾಳಿ. ಗಂಡ ಗ್ಯಾರೆಟ್ ನದಿಯ ಮೇಲೆ ಕಲ್ಲಿದ್ದಲು ಎಳೆಯುವ ದೋಣಿಗಳಲ್ಲಿದ್ದ. ಒಂದು ತಿಂಗಳು ನೀರಿನ ಮೇಲೆ, ಒಂದು ತಿಂಗಳು ಸೋಫಾದ ಮೇಲೆ. ಇವರೇ ಮಕ್ಕಳನ್ನು ದತ್ತು ತೆಗೆದುಕೊಳ್ಳಲು ಮುಂದೆ ಬಂದಿದ್ದರು. ಸೋಮವಾರ ಕೋರ್ಟಿನಲ್ಲಿ ಅದರ ವಿಚಾರಣೆ. ಅದಕ್ಕೆ ಮುನ್ನ ಆರ್ಡಿತ್ ಕೊನೆಯ ಸಲ ಮನೆ ನೋಡಲು ಹೋದಳು.

ಮಧ್ಯಾಹ್ನ ಕಳೆದು ಶಾಲೆ ಬಿಟ್ಟಿತ್ತು. ಸಿಂಕು ಖಾಲಿ. ನೆಲದಿಂದ ಬ್ಲೀಚಿನ ವಾಸನೆ ಏಳುತ್ತಿತ್ತು. ಟೆಸ್ಸ ಒಂದು ಸೊಂಟದ ಮೇಲೆ ತಮ್ಮನನ್ನು ಕೂರಿಸಿಕೊಂಡು, ಇನ್ನೊಂದು ಕೈಯಲ್ಲಿ ಟವೆಲು ಮಡಚುತ್ತಿದ್ದಳು. ಅವಳ ಬೆರಳ ಗೆಣ್ಣುಗಳು ಕೆಂಪಗೆ ಒಡೆದಿದ್ದವು. ಆರ್ಡಿತ್‌ಗೆ ಆ ಕೆಂಪು ಚೆನ್ನಾಗಿ ಗೊತ್ತು, ಅವಳ ಕೈಯಲ್ಲೂ ವರ್ಷಗಟ್ಟಲೆ ಇತ್ತು. ಆದರೆ ಅವಳಿಗೆ ಅದಕ್ಕೆ ಸಂಬಳ ಬರುತ್ತಿತ್ತು. ರೊವೀನಾ ಆಗಷ್ಟೇ ಎದ್ದು, ನೈಟಿಯಲ್ಲೇ ಕಾಫಿ ಕಪ್ಪು ಹಿಡಿದು ಬಾಗಿಲಿಗೆ ಒರಗಿದ್ದಳು.

"ನೀನು ಕೂತ್ಕೋ ಟೆಸ್ಸ, ನಾನು ಮಡಚ್ತೀನಿ."

"ಬೇಡ ಮಿಸ್ ಆರ್ಡಿತ್. ನೀವು ಮಡಚಿದ್ರೆ ಕಪಾಟಲ್ಲಿ ಕೂರಲ್ಲ."

"ಅವಳ ಕೈಯಿಂದ ಬಟ್ಟೆ ಬಿಡಿಸೋಕೆ ದೇವರಿಗೂ ಆಗಲ್ಲ ಕಣ್ರೀ" ಎಂದು ರೊವೀನಾ ನಕ್ಕಳು. ನಗು ಸ್ವಲ್ಪ ಬೇಗ ಬಂತು, ಬೇಗ ಹೋಯಿತು.

ಆರ್ಡಿತ್ ಹೊರಡಲು ತಿರುಗಿದಾಗ ಅದು ಕಂಡಿತು. ಅಡುಗೆಮನೆಯ ಬಾಗಿಲಿಗೆ, ಹೊರಗಡೆಯಿಂದ, ತಲೆಗಿಂತ ಎತ್ತರದಲ್ಲಿ ಹೊಸ ಚಿಲಕ. ಅದಕ್ಕೊಂದು ತೆರೆದ ಬೀಗ ನೇತಾಡುತ್ತಿತ್ತು.

"ಇದೇನು ರೊವೀನಾ?"

"ಅದಾ? ನಾಯಿಗೆ. ನಾನಿಲ್ದಾಗ ಒಳಗೆ ನುಗ್ಗಿ ಕಸದ ಬುಟ್ಟಿ ಕೆಡವುತ್ತೆ."

ನಾಯಿ ಮ್ಯಾಟಿನ ಮೇಲೆ ಮಲಗಿತ್ತು. ವಯಸ್ಸಾಗಿ ಕಣ್ಣಿಗೆ ಪೊರೆ ಬಂದ ನಾಯಿ. ತನ್ನ ಮಾತು ಬಂದರೂ ಕಿವಿ ಎತ್ತಲಿಲ್ಲ. ಆರ್ಡಿತ್ ಹೊರಬಂದಳು.

ಸಾಕುಮನೆಯಲ್ಲಿ ಊಟತಿಂಡಿ ಇರುವ ಕಡೆ ಬೀಗ ಹಾಕುವಂತಿಲ್ಲ. ಇದು ಮೊದಲ ದಿನವೇ ಕಲಿಸುವ ನಿಯಮ. ಈ ಕೆಲಸ ಮಾಡುವವರಿಗೆ ಅಡುಗೆಮನೆಯ ಬೀಗ ಎಂದರೆ ಒಂದೇ ಅರ್ಥ, ಮಕ್ಕಳನ್ನು ಹಸಿವಿನಲ್ಲಿಡುತ್ತಿದ್ದಾರೆ. ಒಡೆದ ಕೈ, ಹೊಳೆಯುವ ನೆಲ, ಹೊರಗಿನ ಬೀಗ, ನಾಯಿಯ ಸುಳ್ಳು. ಕಾರಿನಲ್ಲಿ ಕೂತು ಆರ್ಡಿತ್ ಒಂದಕ್ಕೊಂದು ಸೇರಿಸಿದಳು. ಇವರಿಗೆ ಬೇಕಾಗಿರುವುದು ಮಗಳಲ್ಲ, ಊಟಕ್ಕೂ ಕೇಳದ ಕೆಲಸದವಳು ಎನಿಸಿತು.

ಮಕ್ಕಳ ಕಲ್ಯಾಣ ಇಲಾಖೆಯಿಂದ ಈ ಇಬ್ಬರ ವಿಷಯ ನೋಡಿಕೊಳ್ಳುವ ಕಾರ್ಲಾಗೆ ಫೋನು ಮಾಡಿದಳು. ಕಾರ್ಲಾ ನಿಟ್ಟುಸಿರುಬಿಟ್ಟಳು.

"ನಾಯಿಗೇ ಇರಬಹುದು ಬಿಡಿ ಆರ್ಡಿತ್. ಬೀಗ ತೆಗೀರಿ ಅಂತ ಹೇಳಿದ್ರಾಯ್ತು."

"ಕುರುಡು ನಾಯಿಗೆ ಬೀಗ ಬೇಕಾ?"

"ನೋಡಿ, ಇಬ್ಬರನ್ನೂ ಒಟ್ಟಿಗೆ ಇಟ್ಕೊಳ್ಳೋ ಮನೆ ನನ್ನ ಹತ್ರ ಇನ್ನೊಂದಿಲ್ಲ. ಇದು ಕೆಟ್ರೆ ಮಗು ಒಂದು ಕಡೆ, ಅವಳು ಒಂದು ಕಡೆ. ಮಗೂನ ಕಣ್ಮುಚ್ಚಿ ತಗೊಂಡು ಹೋಗ್ತಾರೆ. ಹನ್ನೊಂದು ವರ್ಷದ ಹುಡುಗೀನ ಯಾರು ತಗೋತಾರೆ ಹೇಳಿ?" ಆಮೇಲೆ ಮಾತು ತಿರುಗಿಸಿ, "ಶನಿವಾರದ ಸನ್ಮಾನ ಮರೀಬೇಡಿ. ಈ ಸಲ ನಿಮಗೂ ಇದೆ, ರೊವೀನಾಗೂ ಇದೆ" ಎಂದಳು.

ಮರುದಿನ ಆರ್ಡಿತ್ ಟೆಸ್ಸಳನ್ನು ಶಾಲೆಯಿಂದ ಕರೆದುಕೊಂಡು ಐಸ್‌ಕ್ರೀಮ್ ಅಂಗಡಿಗೆ ಹೋದಳು. ಇಬ್ಬರೂ ಕಾರಿನಲ್ಲೇ ಕೂತು ತಿಂದರು. ಕರಗಿ ಇಳಿದ ಒಂದೊಂದು ಹನಿಯನ್ನೂ ಟೆಸ್ಸ ಅಂಗಿಯ ತುದಿಯಿಂದ ಒರೆಸುತ್ತಿದ್ದಳು.

"ಮನೇಲಿ ಹೊಟ್ಟೆ ತುಂಬ ಊಟ ಹಾಕ್ತಾರಾ?"

"ಹಾಕ್ತಾರೆ."

"ಅಡುಗೆಮನೆಗೆ ಬೀಗ ಯಾಕೆ?"

"ನಾಯಿಗೆ." ಉತ್ತರ ಕೇಳುವ ಮೊದಲೇ ಸಿದ್ಧವಿತ್ತು. "ಕಸದ ಬುಟ್ಟಿ ಕೆಡವುತ್ತೆ."

"ಮನೆ ಕೆಲಸ ಯಾರು ಮಾಡ್ತಾರೆ?"

"ಎಲ್ಲಾರೂ ಮಾಡ್ತೀವಿ." ಟೆಸ್ಸ ಕಿಟಕಿಯಾಚೆ ನೋಡಿದಳು. "ನೀವು ಜಡ್ಜ್ ಹತ್ರ ಏನಂತ ಹೇಳ್ತೀರ ಮಿಸ್ ಆರ್ಡಿತ್?"

"ಕಂಡದ್ದು ಹೇಳ್ತೀನಿ."

"ಹಾಗಾದ್ರೆ ಮನೆ ಚೊಕ್ಕಟ ಇದೆ ಅಂತ ಹೇಳಿ. ಅದನ್ನ ಕಂಡ್ರಲ್ಲ."

ಒಂದೇ ಸುಳ್ಳನ್ನು ಇಬ್ಬರು ಒಂದೇ ಮಾತಿನಲ್ಲಿ ಹೇಳಿದರೆ ಆರ್ಡಿತ್‌ಗೆ ಸುಳ್ಳಿಗಿಂತ ಅದರ ಹಿಂದಿನ ಹೆದರಿಕೆ ಹೆಚ್ಚು ಕೇಳಿಸುತ್ತಿತ್ತು. ಈ ಹುಡುಗಿ ಯಾರಿಗೆ ಹೆದರುತ್ತಿದ್ದಾಳೆ ಎಂಬ ಬಗ್ಗೆ ಅವಳಿಗೆ ಆಗ ಸಂಶಯವೇ ಇರಲಿಲ್ಲ.

ಸಾಕುತಾಯಂದಿರಿಗೂ ಮಕ್ಕಳ ಪರ ನಿಂತವರಿಗೂ ನಮ್ಮಲ್ಲಿ ಪ್ರತಿ ವಸಂತದಲ್ಲಿ ಚರ್ಚಿನ ನೆಲಮಾಳಿಗೆಯಲ್ಲಿ ಸನ್ಮಾನದ ಊಟ. ಯಾರಿಗೆ ಸನ್ಮಾನವೋ ಅವರೇ ಒಂದೊಂದು ಅಡುಗೆ ಮಾಡಿ ತರುವುದು ವಾಡಿಕೆ. ಆರ್ಡಿತ್ ಚೀಸ್ ಹಾಕಿ ಬೇಯಿಸಿದ ಆಲೂಗಡ್ಡೆ ತಂದಿದ್ದಳು, ರೊವೀನಾ ಹಂದಿ ಮಾಂಸದ ದೊಡ್ಡ ತಟ್ಟೆ. ಊಟ ಮುಗಿದ ಮೇಲೆ ಕೌಂಟಿಯ ಸಾಹೇಬರು ಎದ್ದು ನಿಂತು, ಈ ತಾಯಂದಿರನ್ನು ಸಮಾಜಕ್ಕೆ ಎರವಲು ಕೊಟ್ಟ ಗಂಡಂದಿರು ಮೊದಲು ಎದ್ದು ನಿಲ್ಲಬೇಕು ಎಂದರು. ಡ್ವೇನ್ ಎದ್ದ. ಗ್ಯಾರೆಟ್ ಮೈಕಾನನ್ನು ಹೆಗಲ ಮೇಲೆ ಕೂರಿಸಿಕೊಂಡೇ ಎದ್ದ. ಅವನಿಗೆ ಎಲ್ಲರಿಗಿಂತ ಜೋರು ಚಪ್ಪಾಳೆ ಬಿತ್ತು.

ಚಪ್ಪಾಳೆಯ ಸದ್ದು ಅಡುಗೆಮನೆಗೂ ಕೇಳಿಸಿತು. ಅಲ್ಲಿ ಆರ್ಡಿತ್ ತೊಳೆಯುತ್ತಿದ್ದಳು, ರೊವೀನಾ ಒರೆಸುತ್ತಿದ್ದಳು.

"ನಾಯಿ ಹೇಗಿದೆ?" ಆರ್ಡಿತ್ ಕೇಳಿದಳು.

ರೊವೀನಾಳ ಕೈ ನಿಲ್ಲಲಿಲ್ಲ. "ಸುತ್ತಿ ಬಳಸಿ ಯಾಕೆ ಕೇಳ್ತೀರ. ಸೋಮವಾರ ಕೋರ್ಟಲ್ಲಿ ಹೇಳ್ತೀರ ಅಂತ ಗೊತ್ತು."

"ಹೇಳ್ತೀನಿ."

"ಹೇಳಿದ್ರೆ ಮಕ್ಕಳನ್ನ ಕರ್ಕೊಂಡು ಹೋಗ್ತಾರೆ."

"ಹೇಳ್ದೇ ಇದ್ರೆ ಹಸ್ಕೊಂಡಿರ್ತಾರೆ."

"ಹಸಿವಾ?" ರೊವೀನಾ ಈಗ ತಿರುಗಿ ನೋಡಿದಳು. "ಅವಳ ಮಂಚದ ಪಕ್ಕ ಬ್ರೆಡ್ಡು, ಬಾಳೆಹಣ್ಣು, ಹಾಲು ಎಲ್ಲಾ ಇಟ್ಟೇ ನಾನು ಪಾಳಿಗೆ ಹೋಗೋದು. ಬೀಗ ಊಟಕ್ಕಲ್ಲ ಕಣ್ರೀ. ವಾಷಿಂಗ್ ಮಷೀನಿಗೆ. ಅದು ಅಡುಗೆಮನೆ ಒಳಗಿದೆಯಲ್ಲ. ಬೆಳಕು ಹರಿಯೋಕೆ ಮುಂಚೆ ಎದ್ದು ಒಗೀತಾಳೆ, ಒರೆಸ್ತಾಳೆ, ಆಮೇಲೆ ಶಾಲೇಲಿ ನಿದ್ದೆ ಮಾಡ್ತಾಳೆ. ಹೇಳಿ ನೋಡ್ದೆ, ಬೈದೆ, ಬೇಡ್ಕೊಂಡೆ. ಮಲಗ್ಲಿ ಅಂತ ಬೀಗ ಹಾಕ್ದೆ."

"ಮತ್ತೆ ನಾಯಿ ಅಂತ ಯಾಕೆ ಅಂದೆ?"

"ನಿಜ ಹೇಳಿದ್ರೆ ನಂಬ್ತಿದ್ರಾ?"

"ಇಲ್ಲ."

"ಮತ್ತೆ?"

ಹೊರಗೆ ಇನ್ನೊಂದು ಸುತ್ತು ಚಪ್ಪಾಳೆ ಎದ್ದಿತು. ಆರ್ಡಿತ್ ಒಂದು ಪಾತ್ರೆಯ ಸೀದ ತಳವನ್ನು ಉಜ್ಜುತ್ತ ನಿಧಾನವಾಗಿ ಕೇಳಿದಳು. "ಮೊದಮೊದಲು ಅವಳು ಮಾಡಿದಾಗ ನಿಂಗೆ ಹಾಯಾಗಿತ್ತಾ?"

ರೊವೀನಾ ಒರೆಸಿದ ತಟ್ಟೆಯನ್ನೇ ಮತ್ತೆ ಒರೆಸಿದಳು. "ಆಗಿತ್ತು" ಎಂದಳು. "ರಾತ್ರಿಯೆಲ್ಲ ಪೆಟ್ಟಿಗೆ ಎತ್ತಿ ಮನೆಗೆ ಬಂದ್ರೆ ಎಲ್ಲಾ ಆಗಿರ್ತಿತ್ತು. ನನ್ನ ಜನ್ಮದಲ್ಲಿ ಯಾರೂ ನಂಗೆ ಹಾಗೆ ಮಾಡಿಟ್ಟಿರಲಿಲ್ಲ. ಅಭ್ಯಾಸ ಆಗೋಯ್ತು. ಅವಳ ಕೈ ಒಡೆದಿದ್ದು ಕಂಡ ಮೇಲೆ ನಾಚಿಕೆ ಆಯ್ತು."

"ಗ್ಯಾರೆಟ್?"

"ಅವನು ಮಕ್ಕಳ ಜೊತೆ ಆಡ್ತಾನಲ್ಲ" ಎಂದು ರೊವೀನಾ ಹೊರಗಿನ ಚಪ್ಪಾಳೆಯ ಕಡೆ ಗದ್ದದಿಂದ ತೋರಿಸಿದಳು. "ಕೇಳಿಸ್ತಿಲ್ವಾ?"

ಸನ್ಮಾನಿತರು ಎಲ್ಲಿದ್ದೀರಿ, ಬನ್ನಿ ಎಂದು ಯಾರೋ ಕೂಗಿದರು. ಇಬ್ಬರೂ ಒದ್ದೆ ಕೈಯನ್ನು ಲಂಗಕ್ಕೆ ಒರೆಸಿಕೊಂಡು ಹೋಗಿ, ಫಲಕ ಹಿಡಿದು, ಪಕ್ಕಪಕ್ಕ ನಿಂತು ಫೋಟೊ ತೆಗೆಸಿಕೊಂಡರು. ವೇದಿಕೆಯಿಂದ ಇಳಿಯುವಾಗ ರೊವೀನಾ, "ನಾಳೆ ಬೆಳಗಿನ ಜಾವ ಬನ್ನಿ, ನೀವೇ ನೋಡಿ" ಎಂದಳು.

ಆರ್ಡಿತ್ ಭಾನುವಾರ ಹೋಗಲಿಲ್ಲ. ಕರೆದು ತೋರಿಸುವ ಮನೆಯಲ್ಲಿ ತೋರಿಸಬೇಕಾದುದಷ್ಟೇ ಕಾಣುತ್ತದೆ. ರೊವೀನಾಳ ಮಾತು ಚೆನ್ನಾಗಿತ್ತು, ನಂಬಬಹುದಾದಷ್ಟು ಚೆನ್ನಾಗಿತ್ತು, ಅದೇ ಅವಳಿಗೆ ಸರಿಬರಲಿಲ್ಲ. ವಿಚಾರಣೆಯ ದಿನವೇ, ಸೋಮವಾರ ನಸುಕಿನಲ್ಲಿ, ಹೇಳದೆ ಕೇಳದೆ ಹೋದಳು. ರೊವೀನಾ ಪಾಳಿ ಮುಗಿಸಿ ಆಗಷ್ಟೇ ಕಾರು ನಿಲ್ಲಿಸುತ್ತಿದ್ದಳು. ಆರ್ಡಿತ್‌ಳನ್ನು ಕಂಡು ಮುಂಬಾಗಿಲನ್ನು ಸದ್ದಾಗದಂತೆ ತೆರೆದಳು. ಒಳಗೆ ಗ್ಯಾರೆಟ್‌ನ ಗೊರಕೆ ಕೇಳುತ್ತಿತ್ತು.

ಅಡುಗೆಮನೆಯ ಬಾಗಿಲ ಮುಂದೆ ಕುರ್ಚಿ ಹಾಕಿಕೊಂಡು ಟೆಸ್ಸ ಅದರ ಮೇಲೆ ನಿಂತಿದ್ದಳು. ಬೆಣ್ಣೆ ಸವರುವ ಚಾಕುವಿನ ತುದಿಯಿಂದ ಚಿಲಕದ ತಿರುಪು ಬಿಚ್ಚುತ್ತಿದ್ದಳು. ಕಂಕುಳಲ್ಲಿ ಮುದ್ದೆಮಾಡಿದ ಹಾಸಿಗೆ ಬಟ್ಟೆ. ಅದರಿಂದ ಉಚ್ಚೆಯ ವಾಸನೆ ಬರುತ್ತಿತ್ತು. ಇವರನ್ನು ಕಂಡ ಕೂಡಲೇ ಚಾಕುವನ್ನು ಬಟ್ಟೆಯೊಳಗೆ ತುರುಕಿದಳು.

"ತಿರುಪು ಸಡಿಲ ಆಗಿತ್ತು. ಬಿಗಿ ಮಾಡ್ತಿದ್ದೆ."

"ಕೆಳಗಿಳಿ ಮಗಾ" ಎಂದಳು ಆರ್ಡಿತ್. "ಮೈಕಾ ಒದ್ದೆ ಮಾಡ್ಕೊಂಡ್ನಾ?"

"ಇಲ್ಲ. ನಾನು ನೀರು ಚೆಲ್ಲಿದ್ದು."

ರೊವೀನಾ ಕುರ್ಚಿಯ ಬಳಿ ಮಂಡಿಯೂರಿದಳು. "ಒದ್ದೆ ಮಾಡಿದ್ರೆ ಮಾಡ್ಲಿ ಕಣೇ. ಬೆಳಿಗ್ಗೆ ನಾನು ಹಾಕ್ತೀನಿ ಅಂತ ಎಷ್ಟು ಸಲ ಹೇಳಿಲ್ಲ?"

"ಇವತ್ತು ಕೋರ್ಟು" ಎಂದಳು ಟೆಸ್ಸ. ಇಬ್ಬರಲ್ಲಿ ಯಾರಿಗೆ ಹೇಳಬೇಕೆಂದು ತಿಳಿಯದೆ ಬಾಗಿಲಿಗೇ ಹೇಳಿದಳು. "ಮುಂಚಿನ ಮನೇಲೂ ಅವ್ರು ಒಳ್ಳೆಯವ್ರೇ ಇದ್ರು. ಇವರಿಬ್ಬರದ್ದು ಕೆಲಸ ಜಾಸ್ತಿ ಅಂತ ಫೋನಲ್ಲಿ ಹೇಳಿದ್ದು ಕೇಳಿಸ್ಕೊಂಡೆ. ಆಮೇಲೆ ಕಾರ್ಲಾ ಬಂದು ಬ್ಯಾಗು ತುಂಬಿಸಿದ್ರು. ನಮ್ಮದು ಏನೂ ಕೆಲಸ ಇರಬಾರದು. ಇವತ್ತಂತೂ ಇರಲೇಬಾರದು."

ಆರ್ಡಿತ್ ಹುಡುಗಿಯ ಕಂಕುಳಿಂದ ಬಟ್ಟೆ ತೆಗೆದುಕೊಳ್ಳಲು ಕೈಚಾಚಿದಳು. ಟೆಸ್ಸ ಬಿಡಲಿಲ್ಲ.

ಕೋರ್ಟಿನಲ್ಲಿ ಪಿಕೆಟ್ ದಂಪತಿ ಮುಂದಿನ ಸಾಲಿನಲ್ಲಿ ಕೂತಿದ್ದರು. ಹಿಂದೆ ಕಾರ್ಲಾ, ಅವಳ ಪಕ್ಕದಲ್ಲಿ ಮಕ್ಕಳು. ಜಡ್ಜ್ ಕನ್ನಡಕ ಕೆಳಗಿಳಿಸಿ ನೋಡುವ ನಡುವಯಸ್ಸಿನ ಹೆಂಗಸು. ಆರ್ಡಿತ್ ಎದ್ದು ನಿಂತು ಎಲ್ಲವನ್ನೂ ಹೇಳಿದಳು. ಬೀಗ ಇತ್ತು. ನಾಯಿಗೆ ಎಂದು ಸುಳ್ಳು ಹೇಳಿದರು. ಹುಡುಗಿಯ ಕೈ ಒಡೆದಿದೆ. ಬೀಗ ಹಾಕಿದ್ದು ಯಾಕೆ, ಬೆಳಿಗ್ಗೆ ತಾನು ಕಂಡದ್ದೇನು. ಕಾರ್ಲಾ ಹಣೆ ಹಿಡಿದುಕೊಂಡಳು. ರೊವೀನಾ ನೆಲ ನೋಡುತ್ತ ಕೂತಳು, ಅವಳ ಕಿವಿ ಕೆಂಪಾಗಿತ್ತು.

ಜಡ್ಜ್ ಗ್ಯಾರೆಟ್ ಕಡೆ ತಿರುಗಿದರು. "ಪಿಕೆಟ್ ಅವರೇ, ನಿಮ್ಮ ಮನೇಲಿ ಬಟ್ಟೆ ಸೋಪು ಎಲ್ಲಿರುತ್ತೆ?"

ಗ್ಯಾರೆಟ್ ಹೆಂಡತಿಯನ್ನು ನೋಡಿದ. ಆಮೇಲೆ ಹಿಂತಿರುಗಿ ಟೆಸ್ಸಳನ್ನು ನೋಡಿದ.

"ಮಷೀನಿನ ಮೇಲಿನ ಕಪಾಟಲ್ಲಿ" ಎಂದಳು ಟೆಸ್ಸ. "ಎಡಗಡೆ."

ಯಾರೋ ನಕ್ಕರು. ಜಡ್ಜ್ ನಗಲಿಲ್ಲ. "ನಾನು ಅವರನ್ನ ಕೇಳಿದ್ದು. ಕ್ಲೆಮನ್ಸ್ ಅವರೇ, ಒಂದು ಸಲ ದತ್ತು ಆದ್ರೆ ನೀವು ಆ ಮನೆಗೆ ಹೋಗೋ ಹಾಗಿಲ್ಲ, ಕಾರ್ಲಾನೂ ಹೋಗೋ ಹಾಗಿಲ್ಲ. ಬೇಕಾದ್ರೆ ಒಂದು ತಿಂಗಳು ಮುಂದೂಡ್ತೀನಿ. ಇನ್ನೊಂದಿಷ್ಟು ನೋಡಿ."

ನೋಡುವುದು ಆರ್ಡಿತ್‌ಗೆ ಇಷ್ಟದ ಕೆಲಸ. ರೊವೀನಾಗೆ ನಾಚಿಕೆ ಎಷ್ಟು ದಿನ ಉಳಿಯುತ್ತದೆ, ಮತ್ತೆ ಅಭ್ಯಾಸ ಯಾವಾಗ ಬರುತ್ತದೆ ಎಂಬ ಅನುಮಾನ ಅವಳಿಗೆ ಆ ಕ್ಷಣದಲ್ಲೂ ಇತ್ತು. ಅವಳು ಟೆಸ್ಸಳ ಕೈ ನೋಡಿದಳು.

"ಬೇಡ ಮೇಡಂ" ಎಂದಳು. "ಮುಂದೂಡಿದ್ರೆ ಅವಳು ಇನ್ನೊಂದು ತಿಂಗಳು ನೆಲ ಒರೆಸ್ತಾಳೆ. ಕೆಲಸ ಮಾಡಿದ್ರೇ ಇಟ್ಕೋತಾರೆ ಅಂತ ಅವಳ ಲೆಕ್ಕ. ನನಗಿರೋ ಅನುಮಾನ ನಾನು ಇಟ್ಕೋತೀನಿ. ಅವಳದ್ದನ್ನ ಇವತ್ತು ಮುಗಿಸಿ."

ಜಡ್ಜ್ ಕನ್ನಡಕ ಮೇಲಕ್ಕೆ ಸರಿಸಿದರು. ಬೀಗ ಸಂಜೆಯೊಳಗೆ ಹೋಗಬೇಕು ಎಂದರು. ರೊವೀನಾ ತಲೆಯಾಡಿಸಿದಳು. ಸೋಪು ಎಲ್ಲಿದೆ ಎಂದು ಗ್ಯಾರೆಟ್‌ಗೆ ಈಗ ಗೊತ್ತಾಗಿದೆ ಎಂದುಕೊಳ್ಳುತ್ತೇನೆ ಎಂದರು. ಗ್ಯಾರೆಟ್ ಕತ್ತು ಕೆರೆದುಕೊಂಡ. ಆಮೇಲೆ ನಮ್ಮ ಕೋರ್ಟಿನ ಪದ್ಧತಿಯಂತೆ ಮಕ್ಕಳನ್ನು ಮೇಲಕ್ಕೆ ಕರೆದರು. ದತ್ತು ಆದಾಗ ತೀರ್ಪಿನ ಗುರುತಾಗಿ ಜಡ್ಜ್ ಅವರ ಮರದ ಸುತ್ತಿಗೆಯನ್ನು ಮೇಜಿಗೆ ಬಡಿಯುವುದು ಮಕ್ಕಳ ಹಕ್ಕು.

ಮೈಕಾ ಎರಡೂ ಕೈ ಚಾಚಿದ. ಟೆಸ್ಸ ಸುತ್ತಿಗೆಯನ್ನು ಅವನಿಗೆ ಸಿಗದಂತೆ ಹಿಡಿದುಕೊಂಡಳು.

"ಇದನ್ನ ಹೊಡೆದ ಮೇಲೆ ವಾಪಸ್ ಕಳಿಸೋಕೆ ಆಗುತ್ತಾ?"

"ಆಗಲ್ಲ" ಎಂದರು ಜಡ್ಜ್.

"ಕೆಲಸ ಜಾಸ್ತಿ ಆದ್ರೆ?"

"ಆಗಲ್ಲ."

"ನಾನು ಏನೂ ಮಾಡದೆ ಇದ್ರೆ? ಒಂದು ಲೋಟನೂ ಎತ್ತದೆ ಇದ್ರೆ?"

"ಆಗಲೂ ಆಗಲ್ಲ. ನೀನು ಅವರ ಮಗಳು, ಅಷ್ಟೇ."

ಟೆಸ್ಸ ತಿರುಗಿ ರೊವೀನಾಳ ಮುಖ ನೋಡಿದಳು. ಅಂಗಡಿಯಲ್ಲಿ ನೋಟು ಅಸಲಿಯೇ ಎಂದು ಬೆಳಕಿಗೆ ಹಿಡಿದು ನೋಡುವಂತೆ ನೋಡಿದಳು. ಆಮೇಲೆ ಸುತ್ತಿಗೆ ಬಡಿದಳು, ಮೈಕಾನಿಗೆ ಕೊಟ್ಟಳು. ಅವನು ಬಡಿಯುವುದನ್ನು ನಿಲ್ಲಿಸಲೇ ಇಲ್ಲ.

ಹೊರಗಿನ ಮೆಟ್ಟಿಲ ಮೇಲೆ ರೊವೀನಾ ಆರ್ಡಿತ್‌ಳನ್ನು ದಾಟಿ ಹೋದಳು. "ಎಲ್ಲರ ಮುಂದೆ ನನ್ನ ಮಾನ ತೆಗೆದ್ರಿ."

"ತೆಗೆದೆ" ಎಂದಳು ಆರ್ಡಿತ್.

ಬೇಸಿಗೆಯವರೆಗೆ ಅವರಿಬ್ಬರಿಗೆ ಮಾತಿರಲಿಲ್ಲ. ಆ ಬೀದಿಯಲ್ಲಿ ಹೋಗುವಾಗ ಆರ್ಡಿತ್ ಕಾರು ನಿಧಾನ ಮಾಡುತ್ತಿದ್ದಳೇ ಹೊರತು ನಿಲ್ಲಿಸುತ್ತಿರಲಿಲ್ಲ, ಅದಕ್ಕೆ ಅವಳಿಗೆ ಅಧಿಕಾರವಿರಲಿಲ್ಲ. ಒಂದು ಶನಿವಾರ ರೊವೀನಾಳೇ ಫೋನು ಮಾಡಿದಳು. "ಬನ್ನಿ. ಬಂದು ನೋಡಿ ನೀವು ಮಾಡಿದ ಉಪಕಾರ."

ಬಾಗಿಲು ತೆರೆದೇ ಇತ್ತು. ಅಡುಗೆಮನೆಯ ಚೌಕಟ್ಟಿನ ಮೇಲೆ ತಿರುಪಿನ ತೂತುಗಳಷ್ಟೇ ಉಳಿದಿದ್ದವು. ಸಿಂಕಿನಲ್ಲಿ ಪಾತ್ರೆ ಬೆಟ್ಟದ ಹಾಗೆ ಬಿದ್ದಿತ್ತು, ಒಲೆಯ ಮೇಲೂ ಇತ್ತು, ಒಂದು ಬಾಣಲೆ ನೆಲಕ್ಕೂ ಇಳಿದಿತ್ತು. ಟೆಸ್ಸ ಸೋಫಾದ ಮೇಲೆ ಕಾಲು ನೀಡಿಕೊಂಡು ಪುಸ್ತಕ ಹಿಡಿದಿದ್ದಳು. ಪುಟ ತಿರುಗಿಸುತ್ತಿರಲಿಲ್ಲ.

"ಕೋರ್ಟಿಂದ ಬಂದಾಗಿನಿಂದ ಒಂದು ಚಮಚ ಎತ್ತಿಲ್ಲ" ಎಂದು ರೊವೀನಾ ಪಿಸುಗುಟ್ಟಿದಳು. "ಬೇಕಂತಲೇ ಹೊಸಹೊಸ ತಟ್ಟೆ ತಗೋತಾಳೆ."

"ಪರೀಕ್ಷೆ ಮಾಡ್ತಿದಾಳೆ."

"ಗೊತ್ತು ಕಣ್ರೀ. ಎಷ್ಟು ದಿನ ಅಂತ?"

"ನಿಂಗೆ ಸಾಕು ಸಾಕಾಗೋವರೆಗೂ. ಆಮೇಲೆ ಇನ್ನೂ ಸ್ವಲ್ಪ ದಿನ."

ಸೋಫಾದಿಂದ ಧ್ವನಿ ಬಂತು. "ನಂಗೆ ಹಸಿವಾಗ್ತಿದೆ."

"ತಟ್ಟೆ ಇಲ್ಲ ಕಣೇ. ಎಲ್ಲಾ ಸಿಂಕಲ್ಲಿದೆ."

"ಹಾಗಾದ್ರೆ ತೊಳೀರಿ."

ರೊವೀನಾ ಸಿಂಕಿನ ಕಡೆ ನೋಡಿದಳು. ಆರ್ಡಿತ್ ಅವಳ ಮುಖವನ್ನೇ ನೋಡುತ್ತಿದ್ದಳು. ರೊವೀನಾ ಹಿತ್ತಲ ಕಡೆ ತಿರುಗಿ ಜೋರಾಗಿ ಕೂಗಿದಳು. "ಗ್ಯಾರೆಟ್, ಬಾ ಇಲ್ಲಿ. ಮಗಳು ತಟ್ಟೆ ಕೇಳ್ತಿದಾಳೆ."

ಟೆಸ್ಸ ಪುಸ್ತಕ ಮಡಚಿ, ಸೋಫಾದ ಮೇಲಿಂದ ಕತ್ತು ಚಾಚಿ, ಯಾರು ಬರುತ್ತಾರೆ ಎಂದು ಹಿತ್ತಲ ಬಾಗಿಲನ್ನೇ ನೋಡತೊಡಗಿದಳು.